ಗುಣ ದ್ರಾಕ್ಷಿಯದು, ಹೆಸರು ಮದ್ಯಕ್ಕೆ

ಬಿ.ಪಿ., ಶುಗರ್, ಕೊಲೆಸ್ಟರಾಲ್ ಎಂದು ಮಾತು ಶುರುವಾದ ಕಡೆ ಈಗ ಒಬ್ಬರಾದರೂ ಹೇಳುತ್ತಾರೆ: ‘ರಾತ್ರಿ ಊಟದ ಜೊತೆ ಒಂದು ಲೋಟ ರೆಡ್ ವೈನ್ ಕುಡಿದರೆ ಹಾರ್ಟಿಗೆ ಒಳ್ಳೆಯದಂತೆ’. ಬ್ರಾಂದಿ, ವಿಸ್ಕಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆಗಳೂ ವೈನ್ ಬಾಟಲಿಗೆ ಮಾತ್ರ ಟಾನಿಕ್ಕಿನ ಪಕ್ಕ ಜಾಗ ಕೊಟ್ಟಿವೆ. ಹೇಳುವವರಲ್ಲಿ ಓದಿದವರಿದ್ದಾರೆ, ವೈದ್ಯರೂ ಇದ್ದಾರೆ. ಕೇಳಿದರೆ ಆ್ಯಂಟಿ ಆಕ್ಸಿಡೆಂಟ್, ರೆಸ್ವೆರಟ್ರಾಲ್, ಪಾಲಿಫಿನಾಲ್ ಎಂಬ ಹೆಸರುಗಳು ಸಾಲಾಗಿ ಬರುತ್ತವೆ.

ಈ ಮಾತಿನಲ್ಲಿ ನಿಜವಿಲ್ಲವೆಂದಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಪಾಲಿಫಿನಾಲ್‌ಗಳು ದೇಹದ ಉರಿಯೂತವನ್ನು ತಗ್ಗಿಸಬಲ್ಲವು ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಆದರೆ ಆ ಗುಣವನ್ನು ಮದ್ಯದ ಲೆಕ್ಕಕ್ಕೆ ಜಮಾ ಮಾಡಿದ್ದು ಹೇಗೆ, ಯಾರಿಗೆ ಅದರಿಂದ ಲಾಭವಾಯಿತು, ಮೂರು ದಶಕಗಳ ಸಂಶೋಧನೆ ಕೊನೆಗೆ ತಲುಪಿದ್ದು ಎಲ್ಲಿಗೆ ಎಂಬುದನ್ನು ಲೋಟ ಕೈಗೆತ್ತಿಕೊಳ್ಳುವ ಮೊದಲು ತಿಳಿಯಬೇಕು.

ಫ್ರಾನ್ಸಿನ ಒಗಟು

1991ರ ನವೆಂಬರ್ 17. ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಪತ್ರಕರ್ತ ಮಾರ್ಲಿ ಸೇಫರ್ ಒಂದು ಪ್ರಶ್ನೆ ಎತ್ತಿದರು. ಫ್ರೆಂಚರು ಬೆಣ್ಣೆ, ಗಿಣ್ಣು, ಕೊಬ್ಬಿದ ಮಾಂಸವನ್ನು ಧಾರಾಳವಾಗಿ ತಿನ್ನುತ್ತಾರೆ. ಆದರೂ ಅಮೆರಿಕನ್ನರಿಗೆ ಹೋಲಿಸಿದರೆ ಅವರಲ್ಲಿ ಹೃದಯಾಘಾತ ಕಡಿಮೆ. ಯಾಕೆ? ಉತ್ತರ ಈ ಲೋಟದಲ್ಲಿರಬಹುದು ಎಂದು ಅವರು ಕೆಂಪು ವೈನನ್ನು ತೋರಿಸಿದರು. ಮರುವರ್ಷ ಅಮೆರಿಕದಲ್ಲಿ ಕೆಂಪು ವೈನ್ ಮಾರಾಟ ಸುಮಾರು ಶೇ 40ರಷ್ಟು ಏರಿತೆಂದು ವರದಿಯಾಯಿತು.

ಆ ಕಾರ್ಯಕ್ರಮದಲ್ಲಿ ಮಾತನಾಡಿದ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೊ, 1992ರಲ್ಲಿ ಮಿಷೆಲ್ ದ ಲೋರ್ಝೆರಿಲ್ ಜೊತೆಗೂಡಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ವಾದವನ್ನು ಪ್ರಕಟಿಸಿದರು. ದಿನಕ್ಕೆ 20ರಿಂದ 30 ಗ್ರಾಂ ಆಲ್ಕೋಹಾಲ್ ಸೇವನೆಯಿಂದ ಹೃದ್ರೋಗದ ಅಪಾಯ ಶೇ 40ರಷ್ಟು ತಗ್ಗಬಹುದು, ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆಯಾಗುವುದೇ ಅದಕ್ಕೆ ಕಾರಣವಿರಬಹುದು ಎಂದರು. ಫ್ರೆಂಚರು ಸೊಪ್ಪು, ತರಕಾರಿ, ಹಣ್ಣು ಹೆಚ್ಚು ತಿನ್ನುತ್ತಾರೆ, ಕುಳಿತು ನಿಧಾನವಾಗಿ ಉಣ್ಣುತ್ತಾರೆ ಎಂಬ ಅಂಶಗಳೆಲ್ಲ ಹಿಂದೆ ಸರಿದವು. ಜನರ ನೆನಪಿನಲ್ಲಿ ಉಳಿದದ್ದು ವೈನ್ ಒಂದೇ.

1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಿಂದ ಇನ್ನೊಂದು ಸುದ್ದಿ ಬಂತು. ಎಡ್ವಿನ್ ಫ್ರಾಂಕೆಲ್ ಮತ್ತು ಸಂಗಡಿಗರು ಕೆಂಪು ವೈನನ್ನು ಸಾವಿರ ಪಟ್ಟು ತೆಳುವಾಗಿಸಿ, ಮನುಷ್ಯರ ರಕ್ತದಿಂದ ತೆಗೆದ ಎಲ್‌ಡಿಎಲ್ ಕೊಬ್ಬಿಗೆ ಸೇರಿಸಿದರು. ಎಲ್‌ಡಿಎಲ್ ಉತ್ಕರ್ಷಣಗೊಳ್ಳುವುದನ್ನು ವೈನಿನ ಫಿನಾಲ್‌ಗಳು ವಿಟಮಿನ್ ಇ ಗಿಂತಲೂ ಚೆನ್ನಾಗಿ ತಡೆದವು. ಇದು ನಡೆದದ್ದು ಗಾಜಿನ ಕೊಳವೆಯಲ್ಲಿ. ಆದರೂ ಫ್ರಾನ್ಸಿನ ಒಗಟಿಗೆ ಉತ್ತರ ಸಿಕ್ಕಿತೆಂದು ಜಗತ್ತು ನಂಬಿತು.

ದೇಹದೊಳಗಿನ ಕಿಡಿ

ಎಲ್‌ಡಿಎಲ್ ಉತ್ಕರ್ಷಣಗೊಂಡರೆ ಏನಾಗುತ್ತದೆ? ನಾವು ಉಸಿರಾಡಿದ ಆಮ್ಲಜನಕದ ಬಹುಪಾಲು ಜೀವಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ಶಕ್ತಿಯ ಉತ್ಪಾದನೆಗೆ ಬಳಕೆಯಾಗುತ್ತದೆ. ಆ ಕೆಲಸದ ನಡುವೆ ಒಂದಿಷ್ಟು ಆಮ್ಲಜನಕ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಅಣುಗಳಾಗಿ ಮಾರ್ಪಡುತ್ತದೆ. ಸಿಕ್ಕಿದ ಕೊಬ್ಬು, ಪ್ರೋಟೀನ್, ಡಿಎನ್‌ಎಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಇಂಥ ಅಣುಗಳ ಸ್ವಭಾವ. ಇವನ್ನು ಶಮನಗೊಳಿಸಲು ದೇಹದಲ್ಲಿ ಗ್ಲುಟಥಯೋನ್, ಕ್ಯಾಟಲೇಸ್, ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಾವಲುಪಡೆಯಿದೆ. ಹುಟ್ಟುವ ಕಿಡಿ ಹೆಚ್ಚಾಗಿ ಕಾವಲು ಸಾಲದಾದಾಗ ಉಂಟಾಗುವ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣ ಒತ್ತಡ. ಧೂಮಪಾನ, ಮಧುಮೇಹ, ಬೊಜ್ಜು, ವಾಯುಮಾಲಿನ್ಯ, ಮದ್ಯಪಾನ ಎಲ್ಲವೂ ಈ ಒತ್ತಡವನ್ನು ಹೆಚ್ಚಿಸುತ್ತವೆ.

ಉರಿಯೂತ ಇದರ ಜೊತೆಗೇ ಸಾಗುತ್ತದೆ. ಗಾಯವಾದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುವುದು ದೇಹದ ಒಳ್ಳೆಯ ಪ್ರತಿಕ್ರಿಯೆ. ಕೆಲಸ ಮುಗಿದ ಮೇಲೆ ಅದು ಆರಬೇಕು. ಆರದೆ, ನೋವಿಲ್ಲದೆ, ವರ್ಷಗಟ್ಟಲೆ ಒಳಗೇ ಹೊಗೆಯಾಡುವ ಉರಿಯೂತವೇ ಅಪಾಯಕಾರಿ. ರಕ್ತನಾಳದ ಗೋಡೆಗೆ ನುಸುಳಿದ ಎಲ್‌ಡಿಎಲ್ ಉತ್ಕರ್ಷಣಗೊಂಡಾಗ ಒಳಪದರದ ಕೋಶಗಳು ಅಂಟು ಪ್ರೋಟೀನ್‌ಗಳನ್ನು ಹೊರಚಾಚುತ್ತವೆ. ರಕ್ತದಲ್ಲಿ ಸಾಗುತ್ತಿದ್ದ ಬಿಳಿ ರಕ್ತಕಣಗಳು ಅದಕ್ಕೆ ಅಂಟಿಕೊಂಡು ಗೋಡೆಯೊಳಗೆ ಇಳಿಯುತ್ತವೆ. ಕೆಟ್ಟ ಕೊಬ್ಬನ್ನು ನುಂಗಿ ಉಬ್ಬಿ, ನೊರೆಕೋಶಗಳಾಗಿ ಅಲ್ಲೇ ಉಳಿಯುತ್ತವೆ. ಮುಂದೆ ರಕ್ತನಾಳವನ್ನು ಕಟ್ಟಿಹಾಕುವ ಗಡ್ಡೆಯ ಮೊದಲ ಪದರ ಅದು. ಈ ಹೊತ್ತಿನಲ್ಲಿ ಐಎಲ್-6, ಟಿಎನ್‌ಎಫ್ ಎಂಬ ಸಂದೇಶವಾಹಕಗಳು ರಕ್ತದಲ್ಲಿ ಏರುತ್ತವೆ. ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಲ್ಯಾಬಿನ ವರದಿಯಲ್ಲಿ ಸಿಆರ್‌ಪಿ ಎಂದು ಬರುವುದು ಇದೇ.

ಇಲ್ಲಿ ಪಾಲಿಫಿನಾಲ್‌ಗಳ ಪಾತ್ರವೇನು? ಇವು ಗಿಡಗಳು ತಮ್ಮ ರಕ್ಷಣೆಗೆಂದು ತಯಾರಿಸಿಕೊಳ್ಳುವ ರಾಸಾಯನಿಕಗಳು. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಅದರ ಪಾಲಿಫಿನಾಲ್‌ಗಳು ಉತ್ಕರ್ಷಣಗೊಳ್ಳುವುದರಿಂದ. ದ್ರಾಕ್ಷಿಗೆ ನೀಲಿಗೆಂಪು ಬಣ್ಣ ಕೊಡುವ ಆಂಥೋಸಯನಿನ್, ಬಾಯಿಗೆ ಒಗರು ಕೊಡುವ ಟ್ಯಾನಿನ್, ಶಿಲೀಂಧ್ರ ತಗುಲಿದಾಗ ಬಳ್ಳಿ ಉತ್ಪಾದಿಸುವ ರೆಸ್ವೆರಟ್ರಾಲ್ ಎಲ್ಲವೂ ಈ ಕುಲಕ್ಕೇ ಸೇರಿವೆ. ಇವುಗಳಲ್ಲಿ ಬಹುಪಾಲು ಇರುವುದು ಬೀಜ ಮತ್ತು ಸಿಪ್ಪೆಯಲ್ಲಿ. ಕೆಂಪು ವೈನಿಗೆ ರಸವನ್ನು ಸಿಪ್ಪೆ, ಬೀಜಗಳ ಜೊತೆಗೇ ಹುಳಿಯಲು ಬಿಡುವುದರಿಂದ ಅದರಲ್ಲಿ ಲೀಟರಿಗೆ 1ರಿಂದ 3 ಗ್ರಾಂ ಪಾಲಿಫಿನಾಲ್ ಸೇರುತ್ತದೆ. ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವ ಬಿಳಿ ವೈನಿನಲ್ಲಿ ಅದರ ಹತ್ತನೆಯ ಒಂದರಷ್ಟೇ ಇರುತ್ತದೆ.

ಒಂದು ಅಣುವಿನ ಏಳುಬೀಳು

ಎಲ್ಲ ಪಾಲಿಫಿನಾಲ್‌ಗಳ ನಡುವೆ ಕೀರ್ತಿ ಸಿಕ್ಕಿದ್ದು ರೆಸ್ವೆರಟ್ರಾಲ್‌ಗೆ. 1939ರಲ್ಲಿ ಜಪಾನಿನ ಮಿಚಿಯೊ ತಕಾಓಕ ಇದನ್ನು ಬೇರೊಂದು ಗಿಡದ ಬೇರಿನಿಂದ ಪ್ರತ್ಯೇಕಿಸಿದಾಗ ಯಾರೂ ಗಮನಿಸಿರಲಿಲ್ಲ. 1992ರಲ್ಲಿ ಅದು ವೈನಿನಲ್ಲೂ ಪತ್ತೆಯಾಯಿತು. 2003ರಲ್ಲಿ ಹಾರ್ವರ್ಡ್‌ನ ಡೇವಿಡ್ ಸಿಂಕ್ಲೇರ್ ತಂಡ ಯೀಸ್ಟ್‌ನ ಆಯಸ್ಸನ್ನು ಇದು ಶೇ 70ರಷ್ಟು ಹೆಚ್ಚಿಸುತ್ತದೆಂದು ಪ್ರಕಟಿಸಿತು. 2006ರಲ್ಲಿ, ಕೊಬ್ಬು ತಿಂದು ದಪ್ಪಗಾದ ಇಲಿಗಳೂ ಇದರಿಂದ ಆರೋಗ್ಯವಾಗಿ ಬದುಕುತ್ತವೆಂದು ಅದೇ ತಂಡ ಹೇಳಿತು. 2008ರಲ್ಲಿ ಸಿಂಕ್ಲೇರ್ ಅವರ ಕಂಪನಿ ಸರ್ಟ್ರಿಸ್ ಅನ್ನು ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಸುಮಾರು 72 ಕೋಟಿ ಡಾಲರ್ ಕೊಟ್ಟು ಕೊಂಡಿತು. ಔಷಧ ಅಂಗಡಿಗಳ ಕಪಾಟುಗಳಲ್ಲಿ ರೆಸ್ವೆರಟ್ರಾಲ್ ಕ್ಯಾಪ್ಸೂಲ್‌ಗಳು ತುಂಬಿದವು.

ಪ್ರಮಾಣದ ಲೆಕ್ಕ ಹಾಕಿದರೆ ಈ ಸಂಭ್ರಮ ಕರಗುತ್ತದೆ. ಕೆಂಪು ವೈನಿನಲ್ಲಿ ರೆಸ್ವೆರಟ್ರಾಲ್ ಇರುವುದು ಲೀಟರಿಗೆ ಸರಾಸರಿ 2 ಮಿಲಿಗ್ರಾಂ ಆಸುಪಾಸು. 150 ಮಿಲಿಲೀಟರಿನ ಒಂದು ಲೋಟದಲ್ಲಿ 0.3 ಮಿಲಿಗ್ರಾಂ. ಆ ಇಲಿಗಳಿಗೆ ದಿನಕ್ಕೆ ಕೊಟ್ಟದ್ದು ಪ್ರತಿ ಕಿಲೋ ತೂಕಕ್ಕೆ ಸುಮಾರು 22 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದನ್ನೇ ನೇರವಾಗಿ ಲೆಕ್ಕ ಹಾಕಿದರೆ ದಿನಕ್ಕೆ 600 ಲೀಟರಿಗೂ ಹೆಚ್ಚು ವೈನ್ ಬೇಕು! ಇನ್ನು ನುಂಗಿದ ರೆಸ್ವೆರಟ್ರಾಲ್ ಕರುಳಿನಿಂದ ಚೆನ್ನಾಗಿಯೇ ಹೀರಲ್ಪಡುತ್ತದೆ, ಆದರೆ ಕರುಳು ಮತ್ತು ಯಕೃತ್ತು ಅದನ್ನು ಕೂಡಲೇ ಮಾರ್ಪಡಿಸಿ ಮೂತ್ರಕ್ಕೆ ಕಳಿಸುತ್ತವೆ. ಮೂಲರೂಪದಲ್ಲಿ ರಕ್ತಕ್ಕೆ ಸೇರುವುದು ಕುರುಹಿನಷ್ಟು ಮಾತ್ರ.

ಮುಂದೆ ಒಂದರ ಮೇಲೊಂದು ಪೆಟ್ಟು ಬಿತ್ತು. ಗ್ಲ್ಯಾಕ್ಸೊ ಸಿದ್ಧಪಡಿಸಿದ ರೆಸ್ವೆರಟ್ರಾಲ್ ಔಷಧದ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು; ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ಇದ್ದ ಕೆಲವು ರೋಗಿಗಳ ಮೂತ್ರಪಿಂಡಕ್ಕೆ ತೊಂದರೆ ಕಾಣಿಸಿಕೊಂಡಿತ್ತು. 2012ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯವು, ವೈನ್ ಮತ್ತು ಹೃದಯದ ಬಗ್ಗೆ ಹತ್ತಾರು ಪ್ರಬಂಧ ಬರೆದಿದ್ದ ತನ್ನದೇ ಸಂಶೋಧಕರೊಬ್ಬರ ಕೆಲಸದಲ್ಲಿ 145 ಕಡೆ ಅಂಕಿಅಂಶ, ಚಿತ್ರಗಳನ್ನು ತಿರುಚಲಾಗಿದೆ ಎಂದು ಪ್ರಕಟಿಸಿತು. 2013ರಲ್ಲಿ ಸರ್ಟ್ರಿಸ್ ಕಚೇರಿಗೆ ಬೀಗ ಬಿತ್ತು.

2014ರ ಅಧ್ಯಯನ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅದು ವೈನಿನ ತವರಿನಲ್ಲೇ ನಡೆಯಿತು. ಇಟಲಿಯ ಕಿಯಾಂಟಿ ಸೀಮೆಯ ಎರಡು ಊರುಗಳ, 65 ದಾಟಿದ 783 ಮಂದಿಯನ್ನು ಜಾನ್ಸ್ ಹಾಪ್ಕಿನ್ಸ್‌ನ ರಿಚರ್ಡ್ ಸೆಂಬಾ ಮತ್ತು ಸಂಗಡಿಗರು ಒಂಬತ್ತು ವರ್ಷ ಗಮನಿಸಿದರು. ಯಾರು ಎಷ್ಟು ಕುಡಿದರೆಂದು ಬಾಯಿಮಾತಿನಲ್ಲಿ ಕೇಳಿ ನಂಬದೆ, ಮೂತ್ರದಲ್ಲಿ ರೆಸ್ವೆರಟ್ರಾಲ್‌ನ ಅಂಶವನ್ನೇ ಅಳೆದರು. ಆ ಅವಧಿಯಲ್ಲಿ 268 ಮಂದಿ ತೀರಿಕೊಂಡರು. ಹೆಚ್ಚು ರೆಸ್ವೆರಟ್ರಾಲ್ ಇದ್ದವರು, ಕಡಿಮೆ ಇದ್ದವರು ಎಂಬ ವ್ಯತ್ಯಾಸ ಸಾವಿನಲ್ಲಿ, ಹೃದ್ರೋಗದಲ್ಲಿ, ಕ್ಯಾನ್ಸರಿನಲ್ಲಿ, ಸಿಆರ್‌ಪಿ ಮತ್ತು ಐಎಲ್-6ರಂಥ ಉರಿಯೂತದ ಸೂಚಕಗಳಲ್ಲಿ ಎಲ್ಲೂ ಕಾಣಲಿಲ್ಲ.

ಬಾರ್ಸಿಲೋನಾದ ಮೂರು ಲೋಟಗಳು

ರೆಸ್ವೆರಟ್ರಾಲ್ ಸೋತಿತು ಎಂದಮಾತ್ರಕ್ಕೆ ದ್ರಾಕ್ಷಿ ಸೋಲಲಿಲ್ಲ. ವೈನಿನ ಪಾಲಿಫಿನಾಲ್ ರಾಶಿಯಲ್ಲಿ ರೆಸ್ವೆರಟ್ರಾಲ್‌ನದು ತೀರ ಸಣ್ಣ ಪಾಲು. ಲಂಡನ್ನಿನ ರೋಜರ್ ಕಾರ್ಡರ್ 2006ರಲ್ಲಿ, ರಕ್ತನಾಳಗಳನ್ನು ಸಂಕುಚಿಸುವ ಎಂಡೊಥೀಲಿನ್-1 ಎಂಬ ವಸ್ತುವಿನ ಉತ್ಪಾದನೆಯನ್ನು ತಗ್ಗಿಸುವುದು ಬೀಜದಿಂದ ಬರುವ ಪ್ರೊಸಯನಿಡಿನ್‌ಗಳು ಎಂದು ತೋರಿಸಿದ್ದರು. ಉಳಿದದ್ದು ಒಂದೇ ಪ್ರಶ್ನೆ: ವೈನಿನಲ್ಲಿ ಕೆಲಸ ಮಾಡುವುದು ಪಾಲಿಫಿನಾಲೋ, ಆಲ್ಕೋಹಾಲೋ?

ಇದನ್ನು ಬಿಡಿಸಿ ನೋಡಿದ್ದು ಬಾರ್ಸಿಲೋನಾದ ಗೆಮ್ಮಾ ಚೀವಾ-ಬ್ಲಾಂಚ್, ರಾಮೋನ್ ಎಸ್ತ್ರುಚ್ ಮತ್ತು ಸಂಗಡಿಗರು. ಹೃದ್ರೋಗದ ಅಪಾಯ ಹೆಚ್ಚಿದ್ದ 67 ಗಂಡಸರನ್ನು ಆರಿಸಿಕೊಂಡರು. ಪ್ರತಿಯೊಬ್ಬರೂ ನಾಲ್ಕು ವಾರ ಕೆಂಪು ವೈನ್, ನಾಲ್ಕು ವಾರ ಆಲ್ಕೋಹಾಲ್ ತೆಗೆದ ಅದೇ ಕೆಂಪು ವೈನ್, ನಾಲ್ಕು ವಾರ ಜಿನ್ ಸೇವಿಸಿದರು. ವೈನಿನಲ್ಲಿ ಎರಡೂ ಇವೆ. ಎರಡನೆಯದರಲ್ಲಿ ಪಾಲಿಫಿನಾಲ್ ಮಾತ್ರ. ಜಿನ್‌ನಲ್ಲಿ ಇರುವುದು ಆಲ್ಕೋಹಾಲ್. ಅದೇ ಮನುಷ್ಯ ಮೂರನ್ನೂ ಸೇವಿಸಿದ್ದರಿಂದ ಊಟ, ವಯಸ್ಸು, ಅನುವಂಶೀಯತೆಯ ಗೊಂದಲ ಕಡಿಮೆಯಾಯಿತು.

2012ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಆಲ್ಕೋಹಾಲ್ ತೆಗೆದ ವೈನ್ ಕುಡಿದ ವಾರಗಳಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು 6, ಕೆಳಗಿನ ಅಂಕಿ ಸುಮಾರು 2ರಷ್ಟು ಇಳಿಯಿತು. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ರಕ್ತದಲ್ಲಿ ಏರಿತು. ಜಿನ್‌ನಿಂದ ಒತ್ತಡ ಇಳಿಯಲಿಲ್ಲ. ಮಾಮೂಲಿ ವೈನಿನಿಂದಾದ ಇಳಿಕೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅಂದರೆ ಪಾಲಿಫಿನಾಲ್ ಕೊಡಲು ಹೊರಟಿದ್ದನ್ನು ಆಲ್ಕೋಹಾಲ್ ಕಿತ್ತುಕೊಳ್ಳುತ್ತಿತ್ತು.

ಉರಿಯೂತದ ಸೂಚಕಗಳನ್ನೂ ಅವರು ಅಳೆದರು. ಬಿಳಿ ರಕ್ತಕಣಗಳನ್ನು ರಕ್ತನಾಳದ ಗೋಡೆಗೆ ಅಂಟಿಸುವ ಪ್ರೋಟೀನ್‌ಗಳು, ಐಎಲ್-6 ಮುಂತಾದವು ಪಾಲಿಫಿನಾಲ್ ಇದ್ದ ಎರಡೂ ಪಾನೀಯಗಳಿಂದ ತಗ್ಗಿದವು. ಆಲ್ಕೋಹಾಲ್‌ನಿಂದಲೂ ಒಂದೆರಡು ಸೂಚಕಗಳು ಒಳ್ಳೆಯ ದಿಕ್ಕಿಗೆ ಬದಲಾದವು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಉರಿಯೂತವನ್ನು ಶಮನಗೊಳಿಸಲು ಆಲ್ಕೋಹಾಲ್ ಬೇಕೇಬೇಕೆಂದಿಲ್ಲ ಎಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಅದೇ ಲೋಟದ ಕೇಡು

ನಾಲ್ಕು ವಾರಗಳ ಸೂಚಕಗಳಾಚೆ ಆಲ್ಕೋಹಾಲ್ ಮಾಡುವುದು ಬೇರೆಯೇ ಇದೆ. ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಈ ವಿಷವಸ್ತು ಡಿಎನ್‌ಎಗೆ ನೇರವಾಗಿ ಹಾನಿ ಮಾಡುತ್ತದೆ. ಕುಡಿತ ಹೆಚ್ಚಾದಾಗ ಯಕೃತ್ತಿನಲ್ಲಿ ಚುರುಕಾಗುವ ಇನ್ನೊಂದು ಕಿಣ್ವ, ಆಲ್ಕೋಹಾಲನ್ನು ಒಡೆಯುವಾಗಲೇ ಹೊಸ ಕಿಡಿಯಣುಗಳನ್ನು ಹುಟ್ಟಿಸುತ್ತದೆ. ಕರುಳಿನ ಒಳಪದರವೂ ಸಡಿಲವಾಗಿ, ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ಸೋರಿ ಯಕೃತ್ತಿನಲ್ಲಿ ಉರಿಯೂತ ಕೆರಳುತ್ತದೆ. ಉತ್ಕರ್ಷಣ ಒತ್ತಡ ಮತ್ತು ಉರಿಯೂತಕ್ಕೆ ಮದ್ದೆಂದು ಕುಡಿಯುವ ಲೋಟದಲ್ಲಿ ಅವೆರಡನ್ನೂ ಹೆಚ್ಚಿಸುವ ವಸ್ತುವಿದೆ.

ಹಾಗಾದರೆ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರು ಎಂದು ಅಷ್ಟೊಂದು ಸಮೀಕ್ಷೆಗಳು ಹೇಳಿದ್ದೇಕೆ? ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಇನ್ನೊಂದೆಡೆ, ಊಟಕ್ಕೆ ಒಂದು ಲೋಟ ವೈನ್ ಕುಡಿಯುವ ಪಾಶ್ಚಾತ್ಯರು ಸಾಮಾನ್ಯವಾಗಿ ಸ್ಥಿತಿವಂತರು, ಒಳ್ಳೆಯ ಆಹಾರ, ವೈದ್ಯಕೀಯ ಸೌಲಭ್ಯ ಉಳ್ಳವರು. ಈ ಗೊಂದಲವನ್ನು ಬಿಡಿಸಿದ್ದು 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ, 5 ಲಕ್ಷಕ್ಕೂ ಹೆಚ್ಚು ಚೀನೀಯರ ಅಧ್ಯಯನ. ಪೂರ್ವ ಏಷ್ಯಾದ ಅನೇಕರಿಗೆ ಆಲ್ಕೋಹಾಲನ್ನು ಅರಗಿಸದ ಜೀನ್ ಹುಟ್ಟಿನಿಂದಲೇ ಇರುವುದರಿಂದ ಅವರು ಕಡಿಮೆ ಕುಡಿಯುತ್ತಾರೆ. ಸುಮಾರು 1.6 ಲಕ್ಷ ಮಂದಿಯ ಜೀನ್ ಆಧಾರದಲ್ಲಿ ಲೆಕ್ಕ ಹಾಕಿದಾಗ ಮಿತ ಕುಡಿತದಿಂದ ಪಾರ್ಶ್ವವಾಯು ತಗ್ಗುತ್ತದೆಂಬ ‘ಲಾಭ’ ಮಾಯವಾಯಿತು. ಕುಡಿತ ಹೆಚ್ಚಿದಂತೆ ರಕ್ತದೊತ್ತಡ ಮತ್ತು ಪಾರ್ಶ್ವವಾಯುವಿನ ಅಪಾಯ ಒಂದೇ ಸಮನೆ ಏರುತ್ತಿತ್ತು.

ಕ್ಯಾನ್ಸರ್ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ತಂಬಾಕಿನ ಜೊತೆ ಮೊದಲನೆಯ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಯಾವ ಪ್ರಮಾಣದ ಆಲ್ಕೋಹಾಲೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಯುರೋಪಿನಲ್ಲಿ ಮದ್ಯದಿಂದ ಬರುವ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟು ವಾರಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ವೈನಿನಷ್ಟು ಕುಡಿಯುವ ‘ಮಿತ’ ಕುಡಿತದಿಂದಲೇ ಬರುತ್ತವೆ ಎಂದೂ ಅದು ತಿಳಿಸಿತು. 2025ರ ಜನವರಿ 3ರಂದು, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಸ್ಥಾನದಿಂದ ಇದೇ ಎಚ್ಚರಿಕೆ ಕೊಟ್ಟರು. ಸ್ತನ, ಕರುಳು, ಯಕೃತ್ತು, ಬಾಯಿ, ಗಂಟಲು ಸೇರಿ ಕನಿಷ್ಠ ಏಳು ಬಗೆಯ ಕ್ಯಾನ್ಸರ್‌ಗೆ ಮದ್ಯ ಕಾರಣ, ಬಾಟಲಿಯ ಮೇಲೆ ಅದನ್ನು ಮುದ್ರಿಸಬೇಕು ಎಂದರು. ಈ ಪಟ್ಟಿಯಲ್ಲಿ ವೈನಿಗೆ ವಿನಾಯಿತಿ ಇಲ್ಲ.

ಉದ್ಯಮದ ಆಸಕ್ತಿಯನ್ನೂ ನೆನಪಿಡಬೇಕು. ಮಿತ ಕುಡಿತದ ಲಾಭವನ್ನು ಪರೀಕ್ಷಿಸಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೈಗೆತ್ತಿಕೊಂಡಿದ್ದ ದೊಡ್ಡ ಪ್ರಯೋಗವನ್ನು 2018ರಲ್ಲಿ ಅದೇ ಸಂಸ್ಥೆ ರದ್ದು ಮಾಡಿತು. ಮದ್ಯ ಕಂಪನಿಗಳಿಂದ ಹಣ ಕೇಳಲು ಸಿಬ್ಬಂದಿಯೇ ಹೋಗಿದ್ದರೆಂಬುದು ತನಿಖೆಯಲ್ಲಿ ಹೊರಬಿದ್ದಿತ್ತು.

ಪಾಲಿಫಿನಾಲ್ ಮಾಡುವುದೇನು?

‘ಆ್ಯಂಟಿ ಆಕ್ಸಿಡೆಂಟ್’ ಎಂದರೆ ರಕ್ತದಲ್ಲಿ ಸಂಚರಿಸುತ್ತ ಕೆಟ್ಟ ಕಣಗಳನ್ನು ಹಿಡಿದು ನುಂಗುವ ವಸ್ತು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಪಾಲಿಫಿನಾಲ್‌ಗಳ ಮಟ್ಟಿಗೆ ಈ ಚಿತ್ರ ಸರಿಯಲ್ಲ. ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲಗಳು ಇರುವ ಪ್ರಮಾಣದ ಮುಂದೆ ಅವು ತೀರ ಅತ್ಯಲ್ಪ. ಆಹಾರಗಳ ಆ್ಯಂಟಿ ಆಕ್ಸಿಡೆಂಟ್ ಶಕ್ತಿಗೆ ಅಂಕ ಕೊಡುತ್ತಿದ್ದ ಪ್ರಸಿದ್ಧ ‘ಓರ್ಯಾಕ್’ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಕೊಳವೆಯ ಅಂಕಿಗೂ ದೇಹದ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿರಲಿಲ್ಲ.

ಅವು ಕೆಲಸ ಮಾಡುವ ಬಗೆ ಬೇರೆ. ದೇಹ ಪಾಲಿಫಿನಾಲನ್ನು ಸೌಮ್ಯವಾದ ಪರಕೀಯ ವಸ್ತುವೆಂದು ಗುರುತಿಸುತ್ತದೆ. ಗರಡಿಯ ಉಸ್ತಾದ ಶಿಷ್ಯನನ್ನು ಹದವಾಗಿ ಕೆಡವಿ ಗಟ್ಟಿ ಮಾಡುವಂತೆ, ಈ ಸಣ್ಣ ತಾಕಲಾಟದಿಂದ ಜೀವಕೋಶ ಚುರುಕಾಗುತ್ತದೆ. ಎನ್‌ಆರ್‌ಎಫ್2 ಎಂಬ ನಿಯಂತ್ರಕ ಎಚ್ಚರಗೊಂಡು ಗ್ಲುಟಥಯೋನ್‌ನಂಥ ದೇಹದ ಸ್ವಂತ ಕಾವಲನ್ನು ಹೆಚ್ಚಿಸುತ್ತದೆ. ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ ಬಿ ತಣ್ಣಗಾಗುತ್ತದೆ. ಹೀರಲ್ಪಡದ ದೊಡ್ಡ ಟ್ಯಾನಿನ್ ಅಣುಗಳು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ಸಣ್ಣ ಆಮ್ಲಗಳಾಗಿಸಿ ರಕ್ತಕ್ಕೆ ಬಿಡುತ್ತವೆ. ಈ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಒಂದೇ ಬಗೆಯವಲ್ಲ; ಆದ್ದರಿಂದಲೇ ಒಂದೇ ಹಣ್ಣು ಎಲ್ಲರಲ್ಲೂ ಒಂದೇ ಫಲ ಕೊಡುವುದಿಲ್ಲ.

ಹದ ಮೀರಿದರೆ ಕಥೆ ತಿರುವುಮುರುವಾಗುತ್ತದೆ. 2013ರಲ್ಲಿ ಕೋಪನ್‌ಹೇಗನ್‌ನಲ್ಲಿ, 65ರ ಆಸುಪಾಸಿನ 27 ಗಂಡಸರಿಗೆ ಎಂಟು ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಮಂದಿಗೆ ದಿನಕ್ಕೆ 250 ಮಿಲಿಗ್ರಾಂ ರೆಸ್ವೆರಟ್ರಾಲ್, ಉಳಿದವರಿಗೆ ಬರೀ ಹುಸಿಗುಳಿಗೆ. ಹುಸಿಗುಳಿಗೆ ನುಂಗಿದವರಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯದ ಏರಿಕೆ ಶೇ 45ರಷ್ಟು ಹೆಚ್ಚಿತ್ತು, ರಕ್ತದೊತ್ತಡ ಇಳಿದದ್ದೂ ಅವರಲ್ಲೇ. ವ್ಯಾಯಾಮದ ಫಲವನ್ನು ಮಾತ್ರೆ ನುಂಗಿಹಾಕಿತ್ತು. ಇದಕ್ಕೂ ಹಿಂದೆ, 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ಆ್ಯಂಟಿ ಆಕ್ಸಿಡೆಂಟ್ ಎಂದು ಬೀಟಾ ಕೆರೋಟಿನ್ ಗುಳಿಗೆ ಪಡೆದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಆಹಾರದಲ್ಲಿದ್ದಾಗ ಒಳಿತು ಮಾಡುವುದನ್ನು ಗುಳಿಗೆಗೆ ಇಳಿಸಿದಾಗ ಕೇಡಾಗಬಹುದು.

ನಮ್ಮ ತಟ್ಟೆಯಲ್ಲೇ ಇದೆ

ಪಾಲಿಫಿನಾಲ್ ಬೇಕಾದವರು ಮದ್ಯದಂಗಡಿಗೆ ಹೋಗಬೇಕಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢ ನೀಲಿ ಬಣ್ಣವೇ ಆಂಥೋಸಯನಿನ್. ಆದರೆ ನಮ್ಮಲ್ಲಿ ಹೆಚ್ಚಿನವರು ಅದರ ತಿರುಳನ್ನು ಹೀರಿ, ಸಿಪ್ಪೆ, ಬೀಜವನ್ನು ಉಗಿಯುತ್ತಾರೆ. ಅಲ್ಲಿಗೆ ಪಾಲಿಫಿನಾಲ್‌ನ ಬಹುಪಾಲು ಕಸದ ಬುಟ್ಟಿ ಸೇರಿತು. ಚೆನ್ನಾಗಿ ನೀರಿನಲ್ಲಿ ತೊಳೆದು, ಸಿಪ್ಪೆಯ ಸಮೇತ ಅಗಿದು ತಿನ್ನಿ. ಮಧುಮೇಹ ಇರುವವರು ಸಕ್ಕರೆಯ ಲೆಕ್ಕ ಮರೆಯದೆ ಹಿಡಿಯಷ್ಟಕ್ಕೆ ನಿಲ್ಲಿಸಿ.

ರೆಸ್ವೆರಟ್ರಾಲ್ ಮೇಲೆ ಇನ್ನೂ ಮೋಹವಿದ್ದರೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬನ್ನಿ. ಬೇಯಿಸಿದ ಕಡಲೆಕಾಯಿಯಲ್ಲಿ ಗ್ರಾಂ ಒಂದಕ್ಕೆ ಸುಮಾರು 5 ಮೈಕ್ರೊಗ್ರಾಂ ರೆಸ್ವೆರಟ್ರಾಲ್ ಇದೆ. 100 ಗ್ರಾಂ ತಿಂದರೆ ಅರ್ಧ ಮಿಲಿಗ್ರಾಂ, ಒಂದು ಲೋಟ ವೈನಿಗಿಂತ ಹೆಚ್ಚೇ. ಅದೂ ಔಷಧವಾಗುವಷ್ಟಲ್ಲ, ಆದರೆ ಜೊತೆಗೆ ಪ್ರೋಟೀನ್ ಇದೆ, ನಾರು ಇದೆ, ಆಲ್ಕೋಹಾಲ್ ಇಲ್ಲ. ನೇರಳೆಯ ಬಣ್ಣದಲ್ಲಿ, ಕರಾವಳಿಯ ಪುನರ್ಪುಳಿ ಶರಬತ್ತಿನ ಕೆಂಪಿನಲ್ಲಿ ಇರುವುದೂ ಆಂಥೋಸಯನಿನ್. ರಾಗಿಯ ಹೊರಪದರದ ಪಾಲಿಫಿನಾಲ್‌ಗಳ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳೇ ಕೆಲಸ ಮಾಡಿದ್ದಾರೆ. ಬೆಳಗಿನ ಫಿಲ್ಟರ್ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ, ಚಹಾದಲ್ಲಿ ಕ್ಯಾಟಕಿನ್‌ಗಳು, ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಇದೆ.

ಇವೂ ಪವಾಡ ಮಾಡುವುದಿಲ್ಲ. ಕೋಕೊದಿಂದ ತೆಗೆದ ಫ್ಲವನಾಲ್‌ಗಳನ್ನು ಅಮೆರಿಕದ 21,442 ಹಿರಿಯರಲ್ಲಿ ಪರೀಕ್ಷಿಸಿದ ‘ಕಾಸ್ಮೋಸ್’ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಒಟ್ಟು ಹೃದಯ ಸಂಬಂಧಿ ಘಟನೆಗಳಲ್ಲಿ ಕಂಡ ಶೇ 10ರ ಇಳಿಕೆ ಖಚಿತವೆನ್ನುವಷ್ಟು ಬಲವಾಗಿರಲಿಲ್ಲ. ಹೃದ್ರೋಗದಿಂದಾದ ಸಾವು ಮಾತ್ರ ಶೇ 27ರಷ್ಟು ಕಡಿಮೆಯಿತ್ತು. ಭರವಸೆ ಇದೆ, ಮಂತ್ರದಂಡವಿಲ್ಲ. ತಂಬಾಕು ಬಿಡುವುದು, ದಿನವೂ ನಡೆಯುವುದು, ಉಪ್ಪು ತಗ್ಗಿಸುವುದು, ಬಿ.ಪಿ., ಶುಗರಿನ ಮಾತ್ರೆಗಳನ್ನು ತಪ್ಪಿಸದಿರುವುದು ಉರಿಯೂತದ ವಿರುದ್ಧ ಇವೆಲ್ಲಕ್ಕಿಂತ ದೊಡ್ಡ ಕೆಲಸ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ದ್ರಾಕ್ಷಿಬೀಜದ ಸಾರ, ರೆಸ್ವೆರಟ್ರಾಲ್ ಕ್ಯಾಪ್ಸೂಲ್‌ಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಕುಡಿಯದವರು ಹೃದಯದ ಹೆಸರಿನಲ್ಲಿ ಕುಡಿಯಲು ಶುರು ಮಾಡಬೇಡಿ. ವಯಸ್ಸಾದ ತಂದೆ ತಾಯಿಗೆ ಆರೋಗ್ಯಕ್ಕೆಂದು ವೈನ್ ಬಾಟಲಿ ತಂದುಕೊಡಬೇಡಿ. ಕುಡಿಯುವವರು ರುಚಿಗೆಂದು ಕುಡಿಯುವುದು ಅವರವರ ಇಷ್ಟ. ಕಡಿಮೆ ಮಾಡಿದಷ್ಟೂ ಒಳ್ಳೆಯದು, ಆದರೆ ಅದನ್ನು ಔಷಧ ಎಂದು ಯಾರಿಗೂ ಹೇಳಬೇಡಿ. ದ್ರಾಕ್ಷಿಯನ್ನು ಹಣ್ಣಾಗಿಯೇ ತಿನ್ನಿ.